ನಿಲುವಂಗಿಯ ಮೇಲಿನ ಅಚ್ಚು

ಆ ಊರಿನಲ್ಲಿ ಯಾರೂ ತಾವಾಗಿ ಏಳುತ್ತಿರಲಿಲ್ಲ. ಬೆಳಗಾಗುತ್ತಲೇ ಅಟ್ಟದ ಕಿಟಕಿಯಿಂದ ಕೂಗುವವಳು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದಳು. ಕೂಗಿಸಿಕೊಂಡವರು ಏಳುತ್ತಿದ್ದರು, ಕೂಗಿಸಿಕೊಳ್ಳದವರು ಮಲಗಿಯೇ ಇರುತ್ತಿದ್ದರು. ಎಲ್ಲರ ಹೆಸರೂ ಗೊತ್ತಿದ್ದದ್ದು ಅವಳೊಬ್ಬಳಿಗೆ. ಮಿಕ್ಕವರು ಒಬ್ಬರನ್ನೊಬ್ಬರು ಮಾಡುವ ಕೆಲಸದಿಂದ ಗುರುತಿಸುತ್ತಿದ್ದರು. ಅದರಿಂದ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ.

ಕೂಗುವವಳ ತಾಯಿ ಅಚ್ಚಿನವ್ವ ಹನ್ನೊಂದು ದಿನದಿಂದ ನಿದ್ದೆ ಮಾಡಿರಲಿಲ್ಲ. ಹನ್ನೊಂದು ದಿನದ ಹಿಂದೆ ಮಗಳು ಬೆಳಗಿನ ಕೂಗಿನಲ್ಲಿ ತಾಯಿಯ ಹೆಸರನ್ನೇ ಬಿಟ್ಟಿದ್ದಳು. ಹಿಂದಿನ ರಾತ್ರಿ ಮೊಣಕಾಲು ನೋವಿಗೆ ಕಣ್ಣು ಮುಚ್ಚಿರದ ಕಾರಣ ಅಚ್ಚಿನವ್ವ ಬಚಾವಾದಳು. ಮರುದಿನವೂ ಹೆಸರು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಈಗ ಮಲಗಿದರೆ ಮಲಗಿದ ಹಾಗೆಯೇ. ಹಾಗಾಗಿ ಅವಳು ನಡೆಯುತ್ತಿದ್ದಳು. ಕೂತರೆ ಜೋಂಪು ಹತ್ತುತ್ತದೆಂದು ನಡೆಯುತ್ತಿದ್ದಳು, ನಡೆದು ಸುಸ್ತಾದರೆ ನಿಂತುಕೊಂಡು ಅಂಗೈಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು. ಸುಣ್ಣ ಉರಿಯುತ್ತದೆ, ಉರಿ ನಿದ್ದೆಯನ್ನು ಓಡಿಸುತ್ತದೆ.

ಊರು ಯಾವಾಗಲೂ ಬೆಚ್ಚಗಿರುತ್ತಿತ್ತು, ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯಂತೆ. ನಡುವೆ ಎರಡು ಕೆಂಪು ಕಾಲುವೆಗಳು, ಒಂದು ಹೋಗುವುದು, ಇನ್ನೊಂದು ಬರುವುದು. ಸುತ್ತ ತೊಗಲಿನ ಬಣ್ಣದ ಕೋಟೆ. ಕೋಟೆಯಲ್ಲಿ ತೂತುಗಳಿದ್ದವು, ಹೊರಗಿನವರು ಬರುವುದು ದಿನನಿತ್ಯದ ಮಾತಾಗಿತ್ತು. ಬಂದವನು ಕೆಟ್ಟವನೆಂದು ತಿಳಿದರೆ ನಗಾರಿಯವರು ನಗಾರಿ ಬಾರಿಸುತ್ತಿದ್ದರು. ನಗಾರಿಯ ಗತಿ ಕೇಳಿ ಅಚ್ಚಿನವರು ಬಂದು ಅವನ ಬೆನ್ನಿಗೆ ಸುಣ್ಣದ ಅಂಗೈ ಒತ್ತುತ್ತಿದ್ದರು. ಅಚ್ಚು ಕಂಡ ಹೊಟ್ಟೆಯವರು ಅವನನ್ನು ಎತ್ತಿ ನುಂಗುತ್ತಿದ್ದರು. ಆಮೇಲೂ ಬಹಳ ಹೊತ್ತು ನಗಾರಿ ಬಡಿಯುತ್ತಲೇ ಇರುತ್ತಿತ್ತು. ನುಂಗಿ ಆದಮೇಲೆ ಯಾಕೆ ಬಾರಿಸುತ್ತಾರೆಂದು ಯಾರೂ ಕೇಳಿರಲಿಲ್ಲ. ಸಂಜೆಗೆ ಹೊಟ್ಟೆಯವರ ತೇಗು ಕೇಳಿಸುತ್ತಿತ್ತು, ಅದು ಕೇಳಿದರೆ ಊರಿಗೆ ನೆಮ್ಮದಿ.

ಮೊದಲು ಸಾವಿರ ನಗಾರಿಗಳಿದ್ದವು. ಎಷ್ಟೋ ವರ್ಷದ ಹಿಂದೆ ಒಬ್ಬ ನೆಂಟ ಬಂದ. ಊರಿನ ಎಲ್ಲ ಮನೆ ಬಿಟ್ಟು ನಗಾರಿಯವನ ಮನೆಗೇ ಹೋದ, ಮನೆಯ ಎಲ್ಲ ಜಾಗ ಬಿಟ್ಟು ನಗಾರಿಯೊಳಗೇ ಮಲಗಿದ. ಬಾರಿಸಿದಷ್ಟೂ ಅವನ ಸಂತಾನ ಬೆಳೆಯಿತು. ಒಂದು ದಿನ ತೊಗಲು ಹರಿದುಕೊಂಡು ಅವನ ಮಕ್ಕಳು ಪಕ್ಕದ ನಗಾರಿಗೆ ಹೋದರು, ಅಲ್ಲಿಂದ ಅದರ ಪಕ್ಕದ್ದಕ್ಕೆ. ಸಾವಿರ ಐನೂರಾಯಿತು, ಐನೂರು ಇನ್ನೂರಾಯಿತು, ಕೊನೆಗೆ ಸದ್ದೇ ನಿಂತಿತು. ಊರು ಇದಕ್ಕೆ ತಕ್ಕ ಕ್ರಮ ಕೈಗೊಂಡಿತು: ನಗಾರಿ ಕೇರಿಗೆ ಹೋಗುವುದನ್ನು ನಿಲ್ಲಿಸಿತು. "ಈಗಿನ ನಗಾರಿಯವರಿಗೆ ಶ್ರದ್ಧೆಯಿಲ್ಲ" ಎಂದಿತು. ನೆಂಟನ ಹೆಸರನ್ನು ಚಾವಡಿಯಲ್ಲಿ ಎತ್ತಬಾರದೆಂದು ಯಾರೂ ಆಜ್ಞೆ ಮಾಡಿರಲಿಲ್ಲ. ಮಾಡದ ಆಜ್ಞೆಯಾದ್ದರಿಂದ ಅದನ್ನು ಯಾರೂ ಮೀರಲೂ ಇಲ್ಲ.

ನಿಲುವಂಗಿಯವರು ಹೊಸಬರೇನಲ್ಲ. ಕೋಟೆಯ ಮೇಲೆ ಪಾರಿವಾಳಗಳು ಕೂರುತ್ತಿದ್ದವು, ಅವುಗಳ ಹಿಕ್ಕೆ ಒಣಗಿ ಧೂಳಾಗಿ ಗಾಳಿಯಲ್ಲಿ ಬರುವಾಗ ಆ ಧೂಳಿನೊಳಗೆ ಇವರೂ ಬರುತ್ತಿದ್ದರು. ದುಂಡಗಿನ, ಮೆತ್ತಗಿನ, ಗಲಾಟೆಯಿಲ್ಲದ ಜನ. ನಗಾರಿಗಳಿದ್ದ ಕಾಲದಲ್ಲಿ ಬೆಳಿಗ್ಗೆ ಬಂದವರು ಸಂಜೆಯ ತೇಗಾಗುತ್ತಿದ್ದರು. ಈಗ ಉಳಿದುಕೊಂಡರು. ಉಳಿದುಕೊಂಡವರು ನಿಲುವಂಗಿಯ ಮೇಲೆ ನಿಲುವಂಗಿ ತೊಟ್ಟರು. ಲೋಳೆಯಂಥ ಬಟ್ಟೆ, ಕೈ ಇಟ್ಟರೆ ಜಾರುತ್ತಿತ್ತು. ಒಂದನ್ನು ಕಳಚಿ ಬೀದಿಯಲ್ಲಿ ಬಿಟ್ಟು ಇನ್ನೊಂದನ್ನು ತೊಡುತ್ತಿದ್ದರು. ಬಿಟ್ಟ ನಿಲುವಂಗಿ ನೆಟ್ಟಗೆ ನಿಂತೇ ಇರುತ್ತಿತ್ತು.

ನಗಾರಿಯ ಗತಿ ಕೇಳಿಸದೆ ಕಂಗಾಲಾಗಿದ್ದ ಅಚ್ಚಿನವರು ಕಂಡದ್ದಕ್ಕೆಲ್ಲ ಅಚ್ಚು ಒತ್ತತೊಡಗಿದರು. ಕಂಬಕ್ಕೆ ಒತ್ತಿದರು, ನೀರಿನ ತೊಟ್ಟಿಗೆ ಒತ್ತಿದರು, ಎಲ್ಲಕ್ಕಿಂತ ಹೆಚ್ಚಾಗಿ ನಿಲುವಂಗಿಗಳಿಗೆ ಒತ್ತಿದರು. ಊರಿನ ಯಜಮಾನರು ಚಾವಡಿಯ ಕಟ್ಟೆಯ ಮೇಲೆ ನಿಂತು ಸಂತೋಷದಿಂದ ಸಾರಿದರು:

"ಇಷ್ಟು ಅಚ್ಚು ಈ ಊರು ಹುಟ್ಟಿದಾಗಿನಿಂದ ಬಿದ್ದಿರಲಿಲ್ಲ. ಸುಣ್ಣದ ಗೂಡು ಹಗಲಿರುಳು ಉರಿಯುತ್ತಿದೆ. ನಮ್ಮ ಕಾವಲು ಇಷ್ಟು ಭದ್ರವಾಗಿ ಯಾವತ್ತೂ ಇರಲಿಲ್ಲ."

ಜನ ತಲೆಯಾಡಿಸಿದರು. ಯಜಮಾನರ ಮಾತಿಗೆ ಮೊದಲಿನಷ್ಟು ತೂಕವಿರಲಿಲ್ಲ ಎನ್ನುವುದು ಬೇರೆ ವಿಷಯ. ನಾಲ್ಕು ದಿನದ ಹಿಂದೆ ಕೂಗುವವಳು ಅವರ ಹೆಸರು ಮರೆತು, ತಡವರಿಸಿ, ಕೊನೆಗೆ "ಕುಂಬಳಕಾಯಿ" ಎಂದು ಕೂಗಿದ್ದಳು. ಯಜಮಾನರು ಎದ್ದುಬಿಟ್ಟಿದ್ದರು. ಎದ್ದ ಮೇಲೆ ಇನ್ನೇನು ಮಾಡಲು ಬರುತ್ತದೆ?

ಅಟ್ಟಕ್ಕೆ ಒಂದೇ ಮೆಟ್ಟಿಲ ದಾರಿ, ಕುತ್ತಿಗೆಯಷ್ಟು ಕಿರಿದು. ಸುಣ್ಣದ ಕೈಯವರು ಹತ್ತಿದರೆ ಗೋಡೆ ಕೊಳೆಯಾಗುತ್ತದೆಂದು ಅಚ್ಚಿನವರಿಗೆ ಅಪ್ಪಣೆ ಇರಲಿಲ್ಲ. ಗಸ್ತಿನ ಹೊಟ್ಟೆಯವರು ಮಾತ್ರ ಹತ್ತಬಹುದಿತ್ತು. ಅಚ್ಚಿನವ್ವ ದಿನವೂ ಕೆಳಗಿನ ಮೆಟ್ಟಿಲ ಬಳಿ ನಿಂತು ಮಗಳನ್ನು ಮಾತಾಡಿಸುತ್ತಿದ್ದಳು.

"ಮಗಳೇ, ಹೇಗಿದ್ದೀಯೇ?"

"ಯಾರು ಕೆಳಗೆ?"

"ನಾನು ಕಣೇ, ಅವ್ವ."

"ಯಾರ ಅವ್ವ?"

ಮೇಲಿನಿಂದ ಮತ್ತೆ ದನಿ ಬಂತು. "ಇಲ್ಲಿ ನೀರು ಏರ್ತಾ ಇದೆ. ತಲೆಯ ಸುತ್ತ ನೀರು. ದೀಪ ನೋಡಿದರೆ ಕಣ್ಣು ಚುಚ್ಚುತ್ತೆ, ಬಟ್ಟೆ ಮುಚ್ಚಿಟ್ಟಿದ್ದೀನಿ. ಕುತ್ತಿಗೆ ಬಗ್ಗಲ್ಲ, ನಿನ್ನ ನೋಡೋಣ ಅಂದರೂ ಆಗಲ್ಲ. ಇಲ್ಲಿ ಯಾರೋ ದುಂಡಗಿನವರು ಬಂದು ಕೂತಿದ್ದಾರೆ."

"ಎಷ್ಟು ಜನ?"

"ಎಣಿಸೋದು ಹೇಗೆ ಅಂತ ಮರೆತುಹೋಗಿದೆ."

ಅಚ್ಚಿನವ್ವ ಬೀದಿಗೆ ಬಂದಳು. ಎದುರಿಗೆ ಒಬ್ಬ ನಿಲುವಂಗಿಯವನು ನಿಂತಿದ್ದ, ಮೈತುಂಬ ಅಂಗೈ ಅಚ್ಚು. ಸಿಟ್ಟಿಗೆ ಅವಳು ಅವನ ಎದೆಗೆ ಗುದ್ದಿದಳು. ಕೈ ಒಳಗೆ ಹೋಗಿ ಬೆನ್ನಿನಿಂದ ಹೊರಗೆ ಬಂತು. ಒಳಗೆ ಯಾರೂ ಇರಲಿಲ್ಲ. ಪಕ್ಕದ್ದನ್ನು ಗುದ್ದಿದಳು, ಅದೂ ಬರಿದು. ಅದರಾಚೆಯದೂ ಬರಿದು. ಬೀದಿಯ ಉದ್ದಕ್ಕೂ ಊರಿನ ಸುಣ್ಣವೆಲ್ಲ ಬರಿಯ ಬಟ್ಟೆಯ ಮೇಲೆ ಕೂತಿತ್ತು. ಅವುಗಳನ್ನು ನುಂಗಿ ನುಂಗಿ ಹೊಟ್ಟೆಯವರು ಹೊಟ್ಟೆಯುಬ್ಬರದಿಂದ ಜಗುಲಿಗಳಲ್ಲಿ ಒರಗಿದ್ದರು.

ಅವಳು ಯಜಮಾನರ ಬಳಿ ಹೋದಳು.

"ಯಜಮಾನರೇ, ನಾವು ಒತ್ತುತ್ತಾ ಇರೋದು ಬಿಟ್ಟ ಬಟ್ಟೆಗೆ. ಬಟ್ಟೆ ತೊಟ್ಟವರು ಅಟ್ಟದಲ್ಲಿದ್ದಾರೆ."

"ಅಚ್ಚು ಬಿದ್ದಿದೆಯೋ ಇಲ್ಲವೋ, ಅದು ಹೇಳಮ್ಮ."

"ಬಿದ್ದಿದೆ."

"ಚೆನ್ನಾಗಿ ಬಿದ್ದಿದೆಯೋ?"

"ಚೆನ್ನಾಗೇ ಬಿದ್ದಿದೆ. ಒಳಗೆ ಮನುಷ್ಯ ಇಲ್ಲ."

"ಒಳಗೆ ಮನುಷ್ಯ ಇರಬೇಕು ಅಂತ ನಿಯಮದಲ್ಲಿ ಎಲ್ಲಿದೆ?" ಎಂದರು ಯಜಮಾನರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ನನ್ನ ಹೆಸರು ಅದಲ್ಲ" ಎಂದರು.

"ಮತ್ತೇನು ನಿಮ್ಮ ಹೆಸರು?"

ಯಜಮಾನರು ಅಚ್ಚಿನ ಲೆಕ್ಕದ ಪುಸ್ತಕ ತೆರೆದು ಹುಡುಕಿದರು. "ಅದಲ್ಲ ಅನ್ನೋದಂತೂ ಖಾತ್ರಿ" ಎಂದರು.

ಅಚ್ಚಿನವ್ವನಿಗೆ ತನ್ನ ಅಜ್ಜಿಯ ನೆನಪಾಯಿತು. ಅಜ್ಜಿ ನಗಾರಿಗಿಂತ ಹಿಂದಿನ ಕಾಲದವಳು. ಆಗ ಗತಿಯಿಲ್ಲ, ಅಪ್ಪಣೆಯಿಲ್ಲ; ಹುಟ್ಟುವಾಗಲೇ ಅಂಗೈಯಲ್ಲಿ ಬಂದ ಒಂದು ಒರಟು ಅಚ್ಚು ಮಾತ್ರ ಇತ್ತು. "ಬಟ್ಟೆ ನಂಬಬೇಡ ಕೂಸೇ, ಮೈ ಮುಟ್ಟು" ಎನ್ನುತ್ತಿದ್ದಳು. ನಗಾರಿಗಳು ಬಂದ ಮೇಲೆ ಆ ಅಚ್ಚು ಹಳ್ಳಿಗಾಡಿನದೆಂದು ಎಲ್ಲರೂ ನಕ್ಕಿದ್ದರು. ಅಚ್ಚಿನವ್ವನ ಅಂಗೈಯಲ್ಲೂ ಅದು ಇತ್ತು, ಅದನ್ನು ಒತ್ತುವುದು ಮಾತ್ರ ಈಗ ತಪ್ಪಾಗಿತ್ತು.

ಮೆಟ್ಟಿಲ ಕಡೆಗೆ ಹೊರಟಿದ್ದ ಒಬ್ಬ ನಿಲುವಂಗಿಯವನನ್ನು ಅವಳು ಅಡ್ಡಗಟ್ಟಿದಳು. ನೆಲ ನೋಡಿದಳು, ಬಟ್ಟೆಯ ಕೆಳಗೆ ಪಾದಗಳಿದ್ದವು. ನಿಲುವಂಗಿಯ ಅಂಚನ್ನೆತ್ತಿ ಮೊಣಕೈವರೆಗೆ ಒಳಗೆ ಕೈ ಹಾಕಿದಳು. ಲೋಳೆ ದಾಟಿ, ಇನ್ನೊಂದು ಲೋಳೆ ದಾಟಿ, ಕೊನೆಗೆ ತಣ್ಣನೆಯ ಮೈ ಸಿಕ್ಕಿತು.

"ಅಜ್ಜಿ, ಕಚಗುಳಿ ಆಗುತ್ತೆ" ಎಂದ ಅವನು, ಮೊದಲ ಬಾರಿಗೆ ಬಾಯಿ ಬಿಟ್ಟು.

"ಆಗಲಿ" ಎಂದು ಒತ್ತಿದಳು.

ಜಗುಲಿಯಲ್ಲಿ ಒರಗಿದ್ದ ಒಬ್ಬ ಹೊಟ್ಟೆಯವನು ಮೂಗರಳಿಸಿ ಎದ್ದ, ಬಂದ, ಬಟ್ಟೆ ಸಮೇತ ಎತ್ತಿ ನುಂಗಿದ. "ಎಷ್ಟು ದಿನ ಆಗಿತ್ತು ಅಕ್ಕಾ, ಬಾಯಿಗೆ ತೂಕ ಸಿಕ್ಕಿ!" ಎಂದ. ಅಚ್ಚಿನವ್ವ ಕೈಗೆ ಮತ್ತೆ ಸುಣ್ಣ ಹಚ್ಚಿಕೊಂಡಳು. ಇನ್ನೊಬ್ಬ ಸಿಕ್ಕಿದ, ಮತ್ತೊಬ್ಬ ಸಿಕ್ಕಿದ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯವನು ಏಳು ಜನರನ್ನು ನುಂಗಿದ್ದ. ಅಚ್ಚಿನವ್ವ ಹನ್ನೊಂದು ದಿನಗಳಲ್ಲಿ ಮೊದಲ ಬಾರಿ ನಕ್ಕಳು, ತೇಗಿಗಾಗಿ ಕಾದಳು.

ತೇಗು ಬರಲಿಲ್ಲ. ಬದಲಿಗೆ ಅವನ ಹೊಟ್ಟೆಯೊಳಗಿನಿಂದ ಮಾತು ಕೇಳಿಸಿತು. ಏಳು ಜನ ನಿಧಾನವಾಗಿ, ಸಮಾಧಾನವಾಗಿ ಮಾತಾಡಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಳಗೇ ಹುಟ್ಟಿದ ಎಂಟನೆಯವನ ದನಿಯೂ ಸೇರಿತು.

"ಏನೋ ಇದು?" ಎಂದಳು.

"ಅರಗಿಲ್ಲ ಅಕ್ಕ."

"ನುಂಗಿದೆಯಲ್ಲೋ!"

"ನುಂಗೋದು ನನ್ನ ಕೆಲಸ. ಅರಗಿಸೋದು ನನ್ನ ಕೆಲಸ ಅಂತ ಯಾರು ಹೇಳಿದರು? ನಗಾರಿ ಬಡಿದರೆ ಒಳಗೆ ಬೆಂಕಿ ಹತ್ತುತ್ತೆ. ಬಡಿಯದಿದ್ದರೆ ಇದು ಹೊಟ್ಟೆಯಲ್ಲ, ಚೀಲ." ಅವನು ಸೂರ್ಯನನ್ನು ನೋಡಿ ಎದ್ದ. "ಗಸ್ತಿನ ಹೊತ್ತಾಯಿತು" ಎಂದು ಅಟ್ಟದ ಮೆಟ್ಟಿಲಿನ ಮೇಲೆ ಕಾಲಿಟ್ಟ.

ಅಚ್ಚಿನವ್ವನಿಗೆ ಆಗ ಹೊಳೆಯಿತು, ನಿಲುವಂಗಿಯವರು ಮೇಲೆ ಹೋಗುತ್ತಿದ್ದದ್ದು ಹೇಗೆ ಎಂದು. ಗಸ್ತಿನವರ ಹೊಟ್ಟೆಯಲ್ಲಿ ಕೂತು ಹೋಗುತ್ತಿದ್ದರು. ಈ ಏಳು ಜನರನ್ನಂತೂ ಸವಾರಿ ಹತ್ತಿಸಿದವಳು ಅವಳೇ. ಮೂರನೆಯ ಮೆಟ್ಟಿಲಲ್ಲಿ ಅವನ ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು.

"ಹತ್ತಬೇಡ ಕಣೋ. ನನ್ನ ಮಗಳಿದ್ದಾಳೆ ಮೇಲೆ."

"ನಿಯಮ ಇದೆ ಅಕ್ಕ."

"ನಿಯಮದ ಮನೆ ಹಾಳಾಗ. ನಾನು ವಾಪಸು ಬರೋವರೆಗೆ ಇಲ್ಲೇ ಕೂತಿರು. ಯಾರಾದರೂ ಕೇಳಿದರೆ ಮುದುಕಿ ಕಾಲು ಹಿಡಿದಿದ್ದಾಳೆ ಅನ್ನು."

"ನೀನೇ ಹೋದಮೇಲೆ ಕಾಲು ಹಿಡಿದಿದ್ದಾಳೆ ಅಂತ ಹೇಗೆ ಹೇಳಲಿ?"

ಅವಳು ಅಂಗೈ ತಾಗಿಸದೆ ಬೆರಳಿನ ಸುಣ್ಣವನ್ನಷ್ಟೇ ಅವನ ಮೀನಖಂಡಕ್ಕೆ ಬಳಿದಳು. "ತೋರಿಸು" ಎಂದು ಹೊರಟಳು.

ನಗಾರಿ ಕೇರಿಯಲ್ಲಿ ಹುಲ್ಲು ಬೆಳೆದಿತ್ತು. ಮನೆಗಳ ಮುಂದೆ ಹರಿದ ನಗಾರಿಗಳು ಬಾಯಿ ತೆರೆದು ಬಿದ್ದಿದ್ದವು. ಕೊನೆಯ ಮನೆಯಲ್ಲಿ ಒಬ್ಬ ಮುದುಕ ನಗಾರಿಯನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಹಿಡಿದಂತೆ ಹಿಡಿದು ಕೂತಿದ್ದ.

"ಅಣ್ಣಾ, ಬಾರಿಸಬೇಕು" ಎಂದಳು ಬಾಗಿಲಲ್ಲೇ.

"ಮೊದಲು ಒಳಗೆ ಬಾ ತಾಯಿ" ಎಂದ ನಗಾರಿಯವನು. ಒಂದು ಲೋಟ ನೀರು ತಂದಿಟ್ಟು ಅವಳ ಮುಖವನ್ನೇ ನೋಡಿದ. ಈ ಮನೆಯಲ್ಲಿ ಎಷ್ಟೋ ವರ್ಷದಿಂದ ಹೊರಗಿನವರು ಯಾರೂ ನೀರು ಕುಡಿದಿರಲಿಲ್ಲ. ಅವಳ ಕೈಯೂ ಒಂದು ಗಳಿಗೆ ಹಿಂದೆ ಬಂತು, ಅದು ಅವಳಿಗೇ ಕಾಣಿಸಿತು. ಲೋಟ ಎತ್ತಿ ಗಟಗಟ ಕುಡಿದಳು. ನೀರಿನ ರುಚಿ ನೀರಿನ ಹಾಗೆಯೇ ಇತ್ತು.

"ನನಗೆ ಬಾರಿಸೋಕೆ ಬರಲ್ಲ ಅಂತಲ್ಲ," ಎಂದ ಅವನು. "ಒಂದು ಪೆಟ್ಟು ಹಾಕಿದರೆ ಒಳಗಿರೋ ನೆಂಟ ಏಳುತ್ತಾನೆ. ಬಾರಿಸಿದಷ್ಟೂ ಬೆಳೀತಾನೆ. ಇದೊಂದು ಹರಿದರೆ ಮುಗೀತು."

"ಅವನನ್ನ ಓಡಿಸೋಕೆ ಆಗಲ್ಲವೇ?"

"ಓಡಿಸೋಕೆ ಆಗಲ್ಲ. ಮಲಗಿಸಬಹುದು. ಒಬ್ಬ ದಾರಿಹೋಕ ಒಂದು ಕಹಿ ಪುಡಿ ತಂದಿದ್ದ. ದಿನಾ ಅದೇ ಹೊತ್ತಿಗೆ ತೊಗಲಿಗೆ ಹಚ್ಚಬೇಕು, ಒಂದು ದಿನವೂ ತಪ್ಪಬಾರದು. ನೆಂಟ ಮಲಗಿರ್ತಾನೆ, ನಗಾರಿ ಬಡೀಬಹುದು. ಆ ಪುಡಿ ಚಾವಡಿಯ ಉಗ್ರಾಣದಲ್ಲೇ ಇದೆ. ಎಷ್ಟೋ ಮೂಟೆ ಇದೆ."

"ಮತ್ತೆ ತಂದುಕೊಳ್ಳೋದಕ್ಕೆ ಏನಣ್ಣಾ ಕಾಯಿಲೆ?"

"ಯಾತಕ್ಕೆ ಬೇಕು ಅಂತ ಚಾವಡಿಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿ ಇಸಕೋಬೇಕು." ಮುದುಕ ಕಂಬಳಿ ಸರಿಪಡಿಸಿದ. "ಒಂಬೈನೂರ ತೊಂಬತ್ತು ಜನಕ್ಕೂ ಹೆಚ್ಚು ಸತ್ತರು ತಾಯಿ, ಹೇಳೋದಕ್ಕೆ ನಾಚಿಕೊಂಡು. ಅದರಲ್ಲಿ ನನ್ನ ಅಣ್ಣತಮ್ಮಂದಿರೂ ಇದ್ದರು. ನಾನೂ ಎರಡು ಸಲ ಚಾವಡಿ ಬಾಗಿಲವರೆಗೆ ಹೋಗಿ, ಸುಮ್ಮನೆ ಯಾರನ್ನೋ ನೋಡೋಕೆ ಬಂದವನ ಹಾಗೆ ವಾಪಸು ಬಂದೆ."

ಅಚ್ಚಿನವ್ವ ಚಾವಡಿಗೆ ನಡೆದಳು. ಯಜಮಾನರು ಆ ದಿನದ ಅಚ್ಚುಗಳ ಲೆಕ್ಕ ಓದುತ್ತಿದ್ದರು. ಅವಳು ಕಟ್ಟೆ ಹತ್ತಿ ಅವರ ಪಕ್ಕದಲ್ಲೇ ನಿಂತಳು. ಹನ್ನೊಂದು ದಿನ ನಿದ್ದೆಗೆಟ್ಟವಳಿಗೆ ನಾಚಿಕೆ ಸ್ವಲ್ಪ ಕಡಿಮೆಯಾಗಿರುತ್ತದೆ.

"ನಗಾರಿಯೊಳಗೆ ನೆಂಟ ಇದ್ದಾನೆ" ಎಂದಳು. "ನಿಮಗೆ ಗೊತ್ತು, ನನಗೂ ಗೊತ್ತು, ಪಾರಿವಾಳಕ್ಕೂ ಗೊತ್ತು. ಅವನನ್ನು ಮಲಗಿಸೋಕೆ ಕಹಿ ಪುಡಿ ಬೇಕು."

ಕೋಟೆ ಬೀಳಬಹುದೆಂದು ಕೆಲವರು ಮೇಲೆ ನೋಡಿದರು. ಕೋಟೆ ಬೀಳಲಿಲ್ಲ. ಕಾಲುವೆ ನಿಲ್ಲಲಿಲ್ಲ. ಉಗ್ರಾಣದವನು ಕೆಮ್ಮಿ, "ಎಷ್ಟು ಕೊಡಲಿ?" ಎಂದ.

"ಇಷ್ಟೇನಾ?" ಎಂದಳು ಅಚ್ಚಿನವ್ವ.

"ಇಷ್ಟೇ. ಯಾರೂ ಕೇಳಿರಲಿಲ್ಲ."

ಅವತ್ತು ಸಂಜೆ ನಗಾರಿಯವನು ತೊಗಲಿಗೆ ಪುಡಿ ಹಚ್ಚಿದ. ಬೆರಳಿನಿಂದ ಮೆಲ್ಲಗೆ ತಟ್ಟಿದ, ಕಿವಿಯಿಟ್ಟು ಕೇಳಿದ. ಒಳಗೆ ಯಾರೋ ಮಗ್ಗುಲಾದ ಸದ್ದು, ಆಮೇಲೆ ಗೊರಕೆ. ಕೋಲು ಎತ್ತಿದ. ಒಂದೇ ನಗಾರಿ, ಅದೂ ಮುದುಕನ ಕೈ. ಸದ್ದು ಬೀದಿಯ ತುದಿಗೆ ಬರುವಷ್ಟರಲ್ಲಿ ತೆಳ್ಳಗಾಯಿತು. ಆದರೂ ಮೂರನೆಯ ಮೆಟ್ಟಿಲಲ್ಲಿ ಕೂತಿದ್ದ ಹೊಟ್ಟೆಯವನು ಹೊಟ್ಟೆ ಹಿಡಿದುಕೊಂಡ. ಒಳಗಿನ ಎಂಟು ದನಿ ಆರಾದವು. ಆರು ನಾಲ್ಕಾದವು. ಕತ್ತಲಾಗುವ ಮುನ್ನ ಅವನು ತೇಗಿದ. ಊರಿನವರು ಕಿಟಕಿ ತೆರೆದು, ಹಳೆಯ ಪರಿಚಯದವರ ದನಿ ಕೇಳಿದವರಂತೆ ಆ ಕಡೆ ನೋಡಿದರು.

ಅಟ್ಟದಲ್ಲಿ ಆಗಲೇ ಇದ್ದವರು ಇದ್ದೇ ಇದ್ದರು. ಒಂದು ನಗಾರಿ ಸಾವಿರವಲ್ಲ ಎನ್ನುವುದು ಅಚ್ಚಿನವ್ವನಿಗೂ ತಿಳಿದಿತ್ತು. ಅವಳು ಕೆಳಗಿನ ಮೆಟ್ಟಿಲಲ್ಲಿ ಸುಣ್ಣದ ಕೊಡವಿಟ್ಟುಕೊಂಡು ನಿಂತಳು. ಬಂದವರ ನಿಲುವಂಗಿ ಎತ್ತಿ ಮೈ ಮುಟ್ಟಿ ಒತ್ತುತ್ತಿದ್ದಳು, ಹೊಟ್ಟೆಯವನು ನುಂಗುತ್ತಿದ್ದ, ಅರಗಿಸಿದ ಮೇಲೆಯೇ ಮೇಲೆ ಹತ್ತುತ್ತಿದ್ದ. ಮೇಲೆ ಹೋಗಿ ಒಬ್ಬಿಬ್ಬರನ್ನು ಹುಡುಕಿ ನುಂಗಿ ಬರುತ್ತಿದ್ದ. ಸಂಜೆ ಅದೇ ಹೊತ್ತಿಗೆ ಪುಡಿ, ಅದೇ ಹೊತ್ತಿಗೆ ನಗಾರಿ. ಆರನೆಯ ಸಂಜೆ ಕೇರಿಯಿಂದ ಎರಡನೆಯ ನಗಾರಿಯ ಸದ್ದು ಬಂತು. ಹೊಸ ತೊಗಲಿನದು, ಹೊಸದಾಗಿ ಕಲಿತ ಕೈ, ಗತಿ ಇನ್ನೂ ತಪ್ಪುತ್ತಿತ್ತು. ಬೆಳಗಿನ ಕೂಗಿನಲ್ಲಿ ಮಾತ್ರ ಅಚ್ಚಿನವ್ವನ ಹೆಸರು ಬರಲಿಲ್ಲ.

ನಿದ್ದೆಗೆಟ್ಟ ಇಪ್ಪತ್ತನೆಯ ದಿನದ ಇಳಿಹೊತ್ತಿನಲ್ಲಿ ಅವಳು ಒಬ್ಬನ ಬೆನ್ನಿಗೆ ಕೈ ಒತ್ತಲು ಹೋದಳು.

"ಅಕ್ಕಾ, ನಾನು!" ಎಂದು ಹೊಟ್ಟೆಯವನು ಹಾರಿ ಹಿಂದೆ ಸರಿದ.

ಅಚ್ಚಿನವ್ವ ತನ್ನ ಅಂಗೈಯನ್ನು ನೋಡಿದಳು. ನಿದ್ದೆಗೆಟ್ಟ ಕೈಗೆ ತನ್ನವರು ಯಾರು, ಹೊರಗಿನವರು ಯಾರು ತಿಳಿಯುವುದಿಲ್ಲ. ಇನ್ನೊಂದು ದಿನ ಎಚ್ಚರವಿದ್ದರೆ ಈ ಕೈ ಊರಿಗೇ ಅಚ್ಚು ಒತ್ತೀತು. ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತಳು, ಆಮೇಲೆ ಒರಗಿದಳು.

"ಮಲಗ್ತೀಯಾ ಅಕ್ಕ? ಬೆಳಿಗ್ಗೆ ಕರೆಯದಿದ್ದರೆ?"

"ಕರೆಯದಿದ್ದರೆ ನನ್ನ ಕೈ ಹೀಗೇ ಸುಣ್ಣದ ಕೊಡದಲ್ಲಿ ಇಟ್ಟಿರು. ನಿಲುವಂಗಿಯವರು ಬಂದರೆ ಕೈ ಎತ್ತಿ ಅವರ ಮೈಗೆ ತಾಗಿಸು. ನಿನಗೂ ಏನಾದರೂ ಕೆಲಸ ಬೇಡವೇ?" ಎಂದು ಕಣ್ಣು ಮುಚ್ಚಿದಳು.

ಬೆಳಗಾಯಿತು. ರಾತ್ರಿಯೆಲ್ಲ ಎಚ್ಚರವಿದ್ದ ಹೊಟ್ಟೆಯವನು ಅವಳ ಪಕ್ಕದಲ್ಲೇ ಕೂತು ಕಿವಿಗೊಟ್ಟ. ಅಟ್ಟದ ಕಿಟಕಿಯಲ್ಲಿ ದೀಪದ ಮೇಲಿನ ಬಟ್ಟೆ ಸರಿಯಿತು. ಕೂಗುವವಳು ಸುಣ್ಣದ ಗೂಡಿನವನನ್ನು ಕರೆದಳು, ಉಗ್ರಾಣದವನನ್ನು ಕರೆದಳು. ಯಜಮಾನರನ್ನು ಕುಂಬಳಕಾಯಿ ಎಂದೇ ಕರೆದಳು. ನಗಾರಿಯವನನ್ನು ಕರೆದಳು, ಆ ಹೆಸರಿಗೆ ಬೀದಿಯವರು ಕಿವಿಗೊಟ್ಟು ಎಷ್ಟೋ ಕಾಲವಾಗಿತ್ತು. ಹೆಸರುಗಳು ಒಂದೊಂದಾಗಿ ಮುಗಿಯುತ್ತ ಬಂದವು. ಕೊನೆಯ ಹೆಸರೂ ಆಯಿತು, ಅಚ್ಚಿನವ್ವನದು ಬರಲಿಲ್ಲ. ಕಿಟಕಿಯಿಂದ ಒಂದು ತಲೆ ನಿಧಾನವಾಗಿ, ನೋವಿನಿಂದ, ಕೆಳಕ್ಕೆ ಬಗ್ಗಿತು. ಮೆಟ್ಟಿಲ ಮೇಲೆ ಮಲಗಿದ್ದ ಮುದುಕಿಯನ್ನು ಬಹಳ ಹೊತ್ತು ನೋಡಿತು.

"ಅವ್ವಾ" ಎಂದಿತು.

ಅದು ಹೆಸರೇ ಅಲ್ಲ, ನಿಯಮಕ್ಕೆ ಸಲ್ಲುವುದಿಲ್ಲ ಎಂದು ಹೇಳಲು ಬೀದಿಯಲ್ಲಿ ನಿಂತಿದ್ದ ಯಜಮಾನರು ಬಾಯಿ ತೆರೆಯುವಷ್ಟರಲ್ಲಿ, ಕೆಳಗಿನ ಮೆಟ್ಟಿಲ ಮೇಲೆ ಸುಣ್ಣ ಹತ್ತಿದ ಐದು ಬೆರಳು ಅಲುಗಿದವು.